ತಲೆ ತಗ್ಗಿಸಿದರೆ ಮಾತ್ರ ಕಾಣುವ ಕ್ಯಾಮೆರಾ!

ಥಿಯೇಟರಿನ ಗಾಜಿನ ಷೋಕೇಸಿನ ಮುಂದೆ ನಿಂತು, ಟಿಕೆಟ್ ಕೌಂಟರ್ ತೆರೆಯುವವರೆಗೂ ಸ್ಟಿಲ್‌ಗಳನ್ನು ಒಂದೊಂದಾಗಿ ನೋಡಿದ ನೆನಪು ನಿಮಗಿದೆಯೇ? ನಾಯಕಿಯ ಕಣ್ಣಂಚಿನಲ್ಲಿ ನಿಂತ ಹನಿ, ಖಳನಾಯಕನ ಮೀಸೆಯ ಕುಡಿ, ನಾಯಕನ ಎತ್ತಿದ ಮುಷ್ಟಿ… ಚಿತ್ರ ನೋಡುವ ಮೊದಲೇ ಅರ್ಧ ಕಥೆ ಅಲ್ಲೇ ಮುಗಿದಿರುತ್ತಿತ್ತು. ಆದರೆ ಆ ಸ್ಟಿಲ್ ತೆಗೆದವರು ಯಾರು ಎಂದು ಯಾರಾದರೂ ಕೇಳಿದ್ದುಂಟೇ? ಟೈಟಲ್ ಕಾರ್ಡಿನಲ್ಲಿ ಒಂದು ಕ್ಷಣ ಮಿಂಚಿ ಮಾಯವಾಗುವ ಹೆಸರು ಅದು!

ಅಂಥ ಒಂದು ಹೆಸರು ನನ್ನ ಸೋದರಮಾವನದು. ಹೆಸರು ಹಾಕಬೇಡ ಎಂದು ಅವರು ಮೊದಲೇ ತಾಕೀತು ಮಾಡಿರುವುದರಿಂದ ಇಲ್ಲಿಯೂ ಅವರು ಬರೀ ‘ಮಾವ’ನೇ. ವಯಸ್ಸು ಎಂಬತ್ತು ದಾಟಿದೆ. ಬೆಂಗಳೂರಿನ ಶ್ರೀರಾಮಪುರದಲ್ಲಿ ಹಳೇ ಕಾಲದ ಮನೆ, ಮುಂದೆ ಜಗಲಿ, ಹಿಂದೆ ಬಚ್ಚಲು. ಆ ಬಚ್ಚಲೇ ಮೂವತ್ತು ವರ್ಷ ಅವರ ಡಾರ್ಕ್‌ರೂಮು.

ನಾನೂ ಅದೇ ಕಸುಬಿನವನು. ಆದರೆ ನನ್ನದು ಡಿಜಿಟಲ್. ಒಂದು ದಿನದ ಚಿತ್ರೀಕರಣಕ್ಕೆ ಎರಡು ಸಾವಿರ ಫ್ರೇಮು ಹೊಡೆಯುತ್ತೇನೆ. ರಾತ್ರಿ ಕೂತು ನಲವತ್ತು ಆರಿಸುತ್ತೇನೆ. ಹೀಗೆಂದು ಒಮ್ಮೆ ಮಾವನ ಮುಂದೆ ಜಂಬ ಕೊಚ್ಚಿಕೊಂಡೆ. ಅವರು ಕಾಫಿ ಲೋಟ ಕೆಳಗಿಟ್ಟು, “ಎರಡು ಸಾವಿರ ಸಲ ಒತ್ತಿದೆ ಸರಿ ಅಳಿಯಾ… ಎಷ್ಟು ಸಲ ನೋಡಿದೆ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ.

ಬೀರುವಿನಿಂದ ಇಳಿದ ಜರ್ಮನಿ

ಮಾರನೇ ದಿನ ಬೀರುವಿನ ಮೇಲಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಯಿತು. ಒಳಗೆ ಪಂಚೆ ತುಂಡಿನಲ್ಲಿ ಸುತ್ತಿದ ಕ್ಯಾಮೆರಾ. ಪಕ್ಕದಲ್ಲಿ ತೇವ ಹೀರಲೆಂದು ಸಿಲಿಕಾ ಜೆಲ್ ಪೊಟ್ಟಣಗಳು. ಹೊರತೆಗೆದರೆ ಕರಿಯ ಚೌಕ ಪೆಟ್ಟಿಗೆ. ಮುಖದಲ್ಲಿ ಒಂದರ ಮೇಲೊಂದು ಎರಡು ಕಣ್ಣು. ರೋಲೈಫ್ಲೆಕ್ಸ್!

ಜರ್ಮನಿಯ ಬ್ರೌನ್‌ಷ್ವೈಗ್ ಎಂಬ ಊರಿನಲ್ಲಿ ಪೌಲ್ ಫ್ರಾಂಕೆ, ರೈನ್‌ಹೋಲ್ಡ್ ಹೈಡೆಕೆ ಎಂಬಿಬ್ಬರು 1920ರಲ್ಲಿ ಶುರು ಮಾಡಿದ ಕಾರ್ಖಾನೆಯ ಕೂಸು ಇದು. ಮೊದಲ ರೋಲೈಫ್ಲೆಕ್ಸ್ ಬಂದದ್ದು 1929ರಲ್ಲಿ. ಹಿಡಿಕೆ ತಿರುಗಿಸಿದರೆ ಫಿಲ್ಮು ಮುಂದೆ ಸರಿದು ಷಟರೂ ಸಜ್ಜಾಗುವ, ಮೊದಲ ಫ್ರೇಮನ್ನು ತಾನೇ ಪತ್ತೆ ಹಚ್ಚುವ ‘ಆಟೋಮ್ಯಾಟ್’ ಬಂದದ್ದು 1937ರಲ್ಲಿ. ಸ್ವಾರಸ್ಯ ನೋಡಿ, ಮ್ಯೂನಿಕ್ ನಗರದ ಇನ್ನೊಂದು ಕಾರ್ಖಾನೆ ‘ಆರಿಫ್ಲೆಕ್ಸ್ 35’ ಮೂವೀ ಕ್ಯಾಮೆರಾವನ್ನು ಹೊರತಂದದ್ದೂ ಅದೇ 1937ರಲ್ಲಿ! ಮಾವ ಕೆಲಸ ಮಾಡಿದ ಎಷ್ಟೋ ಸೆಟ್ಟುಗಳಲ್ಲಿ ಸ್ಟ್ಯಾಂಡಿನ ಮೇಲೆ ಮ್ಯೂನಿಕ್, ಮಾವನ ಕೊರಳಲ್ಲಿ ಬ್ರೌನ್‌ಷ್ವೈಗ್. ನಡುವೆ ನಿಂತ ನಾಯಕ ನಾಯಕಿಯರು ಮಾತ್ರ ಅಪ್ಪಟ ಕನ್ನಡದವರು.

ಮಾವನದು 1950ರ ದಶಕದ ಆರಂಭದ ಆಟೋಮ್ಯಾಟ್ ಮಾದರಿ. ಕೆಳಗಿನ ಕಣ್ಣು 75 ಮಿಲಿಮೀಟರಿನ ಟೆಸ್ಸಾರ್ ಲೆನ್ಸು. ಚಿತ್ರ ಬೀಳುವುದು ಅದರ ಮೂಲಕ. ಮೇಲಿನ ಕಣ್ಣು ಬರೀ ನೋಡುವುದಕ್ಕೆ. ನಮ್ಮ ಚಿತ್ರೋದ್ಯಮದ ಕೆಲಸವೆಲ್ಲ ಬಹುಮಟ್ಟಿಗೆ ಮದರಾಸಿನಲ್ಲೇ ನಡೆಯುತ್ತಿದ್ದ ಕಾಲದಲ್ಲಿ, ಅಲ್ಲಿನ ಒಬ್ಬ ಹಿರಿಯ ಸ್ಟಿಲ್ ಫೋಟೋಗ್ರಾಫರ್ ಕೈಯಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡದ್ದಂತೆ. ಎಷ್ಟಕ್ಕೆ ಎಂದು ಕೇಳಿದೆ. ಮಾವ ಅಡಿಗೆಮನೆ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟರು. ಆ ಲೆಕ್ಕ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ!

“ಸ್ಟಿಲ್ ಪ್ಲೀಸ್!”

ಸಿನಿಮಾದ ಫಿಲ್ಮಿನಿಂದಲೇ ಒಂದು ಚೌಕ ಕತ್ತರಿಸಿ ಪ್ರಿಂಟ್ ಹಾಕಬಹುದಿತ್ತಲ್ಲ, ಬೇರೆ ಫೋಟೋಗ್ರಾಫರ್ ಯಾಕೆ ಎಂದು ನೀವು ಕೇಳಬಹುದು. ಸಿನಿಮಾ ಫಿಲ್ಮಿನ ಒಂದು ಫ್ರೇಮು ಸುಮಾರು 22 ಮಿಲಿಮೀಟರ್ ಅಗಲ, 16 ಮಿಲಿಮೀಟರ್ ಎತ್ತರ. ಹೆಬ್ಬೆರಳಿನ ಉಗುರಿಗಿಂತ ಚೂರು ದೊಡ್ಡದು. ಸೆಕೆಂಡಿಗೆ 24 ಫ್ರೇಮು ಓಡುವಾಗ ಒಂದೊಂದಕ್ಕೂ ಬೆಳಕು ಬೀಳುವುದು ಸಾಮಾನ್ಯವಾಗಿ ಐವತ್ತನೇ ಒಂದು ಸೆಕೆಂಡಿನ ಆಸುಪಾಸು. ನಾಯಕ ಕೈ ಬೀಸಿದನೋ, ಆ ಫ್ರೇಮಿನಲ್ಲಿ ಕೈ ಬದಲು ಹೊಗೆ! ತೆರೆಯ ಮೇಲೆ ಓಡುವಾಗ ಅದು ಕಾಣುವುದಿಲ್ಲ. ನಿಲ್ಲಿಸಿ ದೊಡ್ಡದು ಮಾಡಿದರೆ ಕಾಣುತ್ತದೆ. ರೋಲೈಫ್ಲೆಕ್ಸಿನ ನೆಗೆಟಿವ್ ಹೆಸರಿಗೆ ಆರು ಸೆಂಟಿಮೀಟರಿನ ಚೌಕ. ಸಿನಿಮಾ ಫ್ರೇಮಿಗಿಂತ ಎಂಟೊಂಬತ್ತು ಪಟ್ಟು ಹೆಚ್ಚು ಜಾಗ. ಚೌಕವಾದ್ದರಿಂದ ಮುಖಪುಟಕ್ಕೆ ಬೇಕೆಂದರೆ ಉದ್ದಕ್ಕೆ ಕತ್ತರಿಸು, ಷೋಕೇಸಿಗೆ ಬೇಕೆಂದರೆ ಅಡ್ಡಕ್ಕೆ ಕತ್ತರಿಸು. ಒಂದೇ ನೆಗೆಟಿವ್ ಎರಡಕ್ಕೂ ಸೈ. ಕ್ಯಾಮೆರಾ ಸೊಂಟದ ಮಟ್ಟದಲ್ಲಿರುವುದರಿಂದ ನಾಯಕ ಇದ್ದದ್ದಕ್ಕಿಂತ ಎರಡಂಗುಲ ಎತ್ತರವಾಗಿಯೂ ಕಾಣುತ್ತಿದ್ದ. ಇದು ಮಾವ ಹೇಳಿದ ಒಳಗುಟ್ಟು!

ನಿರ್ದೇಶಕರು ‘ಓಕೆ’ ಅಂದ ತಕ್ಷಣ ಲೈಟ್ ಆರುವ ಮುಂಚೆ ಮಾವ ಕೂಗಬೇಕು: “ಸ್ಟಿಲ್ ಪ್ಲೀಸ್!” ತಾರೆಯರು ಅದೇ ಭಂಗಿಯಲ್ಲಿ ನಿಲ್ಲುತ್ತಾರೆ. ಸಿಗುವುದು ಅರ್ಧ ನಿಮಿಷ. ಅಷ್ಟರಲ್ಲಿ ಫೋಕಸ್, ಬೆಳಕಿನ ಲೆಕ್ಕ, ಭಂಗಿ, ಕ್ಲಿಕ್. ಒಂದು ರೋಲಿಗೆ ಹನ್ನೆರಡೇ ಚಿತ್ರ. ರೋಲು ಪೂರ್ವ ಜರ್ಮನಿಯ ಓರ್ವೋ, ಇಲ್ಲವೇ ನಮ್ಮ ಊಟಿಯ ‘ಇಂದು’. ಯಾವುದಾದರೇನು, ಲೆಕ್ಕ ಪ್ರೊಡ್ಯೂಸರಿಗೆ ಒಪ್ಪಿಸಬೇಕು. “ಕಂಪನಿ ಫಿಲ್ಮು ಕಣೋ. ಒಂದು ಫ್ರೇಮು ಆಚೀಚೆ ಆಗೋ ಹಾಗಿಲ್ಲ” ಎಂದರು ಮಾವ.

ಅಡಿಗೆಮನೆಯಿಂದ ಕೂಡಲೇ ದನಿ ಬಂತು. “ಅದಕ್ಕೇ ನೋಡಪ್ಪ, ಕಂಡಕಂಡ ಹೀರೋಯಿನ್‌ಗಳ ಫೋಟೋ ಎಲ್ಲ ತೆಗೆದರು. ಆ ಕ್ಯಾಮೆರಾದಲ್ಲಿ ನಂದೊಂದು ತೆಗೀಲಿಲ್ಲ. ಐವತ್ತು ವರ್ಷ ಆಯ್ತು!”

ಮಾವ ಮಾತಾಡಲಿಲ್ಲ. ಲೆನ್ಸಿನ ಮುಚ್ಚಳ ಒರೆಸುತ್ತ ಕುಳಿತರು. ಅತ್ತೆ ಒಳಕ್ಕೆ ಹೋದ ಮೇಲೆ ಮೆಲ್ಲಗೆ, “ನಿನಗೆ ಇದನ್ನ ಕಲಿಸಿಬಿಡ್ತೀನಿ. ಕಣ್ಣು ಇರೋ ಅಷ್ಟರಲ್ಲೇ” ಎಂದರು.

ಮಾವನಿಗೆ ಗ್ಲಾಕೋಮಾ. ಕಣ್ಣಿನ ಒಳಗಿನ ನರ ಸವೆಯುವ ಕಾಯಿಲೆ. ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬಂದಿತ್ತು. ಹೋದ ದೃಷ್ಟಿ ಹಿಂದಿರುಗುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಹನಿ ಔಷಧಿ. “ಕೊಳವೆ ಒಳಗಿಂದ ಪ್ರಪಂಚ ನೋಡಿದ ಹಾಗಿದೆ” ಎನ್ನುತ್ತಿದ್ದರು.

ಫಿಲ್ಮಿಲ್ಲದ ಹದಿನೈದು ದಿನ

ಪಾಠ ಶುರುವಾಯಿತು. ಫಿಲ್ಮು ಇಲ್ಲ! ಹದಿನೈದು ದಿನ ಬರೀ ನೋಡುವ ಪಾಠ.

ಈ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವಂತಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಮುಚ್ಚಳ ತೆರೆದು, ತಲೆ ತಗ್ಗಿಸಿ ನೋಡಬೇಕು. ಒಳಗಿನ ಕನ್ನಡಿ ಮೇಲಿನ ಲೆನ್ಸಿನ ಚಿತ್ರವನ್ನು ಮಸುಕು ಗಾಜಿನ ಮೇಲೆ ಬೀಳಿಸುತ್ತದೆ. ಚಿತ್ರವೇನೋ ನೆಟ್ಟಗೇ ಇರುತ್ತದೆ, ಆದರೆ ಎಡ ಬಲ ಅದಲು ಬದಲು! ಜಗಲಿಯ ಮೇಲೆ ನಿಂತು ರಸ್ತೆ ನೋಡಿದೆ. ಎಡದಿಂದ ಬಂದ ಆಟೋ ಗಾಜಿನೊಳಗೆ ಬಲದಿಂದ ಬಂತು. ಅದನ್ನು ಹಿಂಬಾಲಿಸಲು ಕ್ಯಾಮೆರಾ ತಿರುಗಿಸಿದೆ. ಆಟೋ ಒಂದು ದಿಕ್ಕಿಗೆ, ನಾನೊಂದು ದಿಕ್ಕಿಗೆ. ಎದುರು ಮನೆ ವಾಲಿದಂತೆ ಕಂಡಿತು. ನೆಟ್ಟಗೆ ಮಾಡಲು ಹೋದರೆ ಇನ್ನಷ್ಟು ವಾಲಿತು. ಇಪ್ಪತ್ತು ವರ್ಷದ ಅನುಭವ ಎರಡು ನಿಮಿಷದಲ್ಲಿ ಮಣ್ಣುಪಾಲು!

“ಗಾಜು ನೋಡಿ ತಿರುಗಬೇಡ. ಮನುಷ್ಯ ಯಾವ ಕಡೆ ಹೋಗ್ತಾನೋ ಆ ಕಡೆಗೆ ನಿನ್ನ ಹೊಟ್ಟೆ ತಿರುಗಲಿ” ಎಂದರು ಮಾವ. ಅಭ್ಯಾಸಕ್ಕೆ ಅತ್ತೆಯನ್ನು ಹಿಂಬಾಲಿಸಲು ಹೇಳಿದರು. ಅತ್ತೆ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ತುಳಸಿಕಟ್ಟೆಗೆ. ಹಿಂದೆ ನಾನು, ತಲೆ ತಗ್ಗಿಸಿಕೊಂಡು. “ಏನಪ್ಪ ಇದು, ಕಳ್ಳನ ಥರ!” ಎಂದು ಅತ್ತೆ ನಗುತ್ತಿದ್ದರು. ಆಗಲೇ ನನಗೊಂದು ಸಂಗತಿ ಹೊಳೆಯಿತು. ಡಿಜಿಟಲ್ ಕ್ಯಾಮೆರಾ ಎತ್ತಿ ಮುಖಕ್ಕೆ ಹಿಡಿದರೆ ಜನ ಸೆಟೆದು ನಿಲ್ಲುತ್ತಾರೆ. ಇದರಲ್ಲಿ ನನ್ನ ತಲೆ ಬಾಗಿರುತ್ತದೆ, ಮುಖ ಮುಚ್ಚಿರುವುದಿಲ್ಲ. ಷಟರೂ ಲೆನ್ಸಿನೊಳಗಿನ ಸಣ್ಣ ಎಸಳುಗಳದು, ‘ಟಿಕ್’ ಅಂದರೆ ಅಂದಂತೆ, ಇಲ್ಲದಿದ್ದರೆ ಇಲ್ಲ. ಎದುರಿನವರು ನಿರಾಳ. ಅತ್ತೆ ಸಾರಿಗೆ ಒಗ್ಗರಣೆ ಹಾಕುವಾಗ ತಲೆ ಚೂರು ಹಿಂದಕ್ಕೆ ವಾಲಿಸಿ ಕಣ್ಣು ಕಿರಿದು ಮಾಡುತ್ತಾರೆಂದು ನನಗೆ ಗೊತ್ತಾದದ್ದೇ ಆ ಗಾಜಿನಲ್ಲಿ. ನಲವತ್ತು ವರ್ಷ ಅವರ ಕೈ ಊಟ ಉಂಡವನು ನಾನು!

ಆಮೇಲೆ ಬೆಳಕಿನ ಪಾಠ. ಈ ಕ್ಯಾಮೆರಾದಲ್ಲಿ ಲೈಟ್ ಮೀಟರ್ ಇಲ್ಲ. ಲೆನ್ಸುಗಳ ಎರಡು ಪಕ್ಕದಲ್ಲಿ ಎರಡು ಪುಟ್ಟ ಚಕ್ರ. ಒಂದು ಅಪರ್ಚರಿಗೆ, ಇನ್ನೊಂದು ಷಟರಿಗೆ. ಅಂಕಿ ಕಾಣುವುದು ಮೇಲಿನ ಲೆನ್ಸಿನ ನೆತ್ತಿಯ ಕಿಟಕಿಯಲ್ಲಿ. ನೂರು ವೇಗದ ಫಿಲ್ಮಾದರೆ ಬಿರುಬಿಸಿಲಿಗೆ ಅಪರ್ಚರ್ 16, ಷಟರ್ ನೂರನೇ ಒಂದು ಸೆಕೆಂಡು. ಅಲ್ಲಿಂದ ಇಳಿಯುತ್ತ ಬರುವುದು. “ಕೈ ಚಾಚಿ ನೆರಳು ನೋಡು. ಅಂಚು ಕತ್ತಿಯ ಹಾಗಿದ್ರೆ 16. ಅಂಚು ಮೆತ್ತಗಾದ್ರೆ 11. ನೆರಳೇ ಇಲ್ಲದಿದ್ರೆ 8. ಜಗಲಿ ಒಳಕ್ಕೆ ಬಂದ್ರೆ 4.” ಇದು ಮಾವನ ಮಗ್ಗಿ. ಒಂದು ಎಚ್ಚರಿಕೆ ಮಾತ್ರ ಮೂರು ಸಲ ಹೇಳಿದರು: ಷಟರ್ ಸಜ್ಜಾದ ಮೇಲೆ ವೇಗವನ್ನು ಐನೂರಕ್ಕೆ ತಿರುಗಿಸಬಾರದು. ಅದಕ್ಕೆ ಬೇರೆಯೇ ಸ್ಪ್ರಿಂಗು. ಬಲವಂತ ಮಾಡಿದರೆ ಮುರಿದೀತು.

ಯುಗಾದಿಯ ದಿನ ಆದ ಅನಾಹುತ

ಯುಗಾದಿ ಬಂತು. ಅತ್ತೆ ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟಿದ್ದರು. ಮಾವ ಪಂಚೆ ಶಲ್ಯದಲ್ಲಿ ಪಕ್ಕದ ಕುರ್ಚಿಯಲ್ಲಿ. ನನ್ನ ಜೇಬಿನಲ್ಲಿ ಒಂದೇ ಒಂದು 120 ಫಿಲ್ಮು. ಈಗಿನ ಕಾಲದಲ್ಲಿ ಅದು ಪಕ್ಕದ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಹೇಳಿ ತರಿಸಬೇಕು. “ನಾನೇ ಹಾಕ್ತೀನಿ ಕೊಡು” ಎಂದರು ಮಾವ. “ಬೇಡ ಮಾವ, ನನಗೆ ಬರುತ್ತೆ” ಎಂದೆ. ಜಂಬ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಆಟೋಮ್ಯಾಟಿನ ಜಾಣ್ಮೆಯೆಲ್ಲ ಇರುವುದು ಒಳಗಿನ ಎರಡು ಉರುಳೆಗಳಲ್ಲಿ. ಫಿಲ್ಮಿನ ಬೆನ್ನಿಗೆ ಉದ್ದನೆಯ ಕಾಗದವಿರುತ್ತದೆ. ಅದರ ತುದಿಯನ್ನು ಆ ಎರಡು ಉರುಳೆಗಳ ನಡುವೆ ತೂರಿಸಿ, ಆಮೇಲೆ ಮೇಲಿನ ಸ್ಪೂಲಿಗೆ ಸಿಕ್ಕಿಸಬೇಕು. ಬರೀ ಕಾಗದ ಮುಗಿದು ಫಿಲ್ಮು ಶುರುವಾಗುವಲ್ಲಿ ದಪ್ಪ ಒಂದು ಕೂದಲೆಳೆ ಹೆಚ್ಚುತ್ತದೆ. ಉರುಳೆಗಳು ಅದನ್ನು ಮುಟ್ಟಿ ತಿಳಿದು, ಹಿಡಿಕೆಯನ್ನು ‘1’ ಎಂಬಲ್ಲಿ ನಿಲ್ಲಿಸುತ್ತವೆ. ನಾನು ಮಾಡಿದ್ದೇನು? ಕಾಗದವನ್ನು ನಡುವೆ ತೂರಿಸದೆ ಉರುಳೆಗಳ ಮೇಲೆಯೇ ಹಾಯಿಸಿ ಬಾಗಿಲು ಮುಚ್ಚಿದೆ!

ಹಿಡಿಕೆ ತಿರುಗಿಸಿದೆ. ತಿರುಗಿತು. ಇನ್ನೂ ತಿರುಗಿತು. ನಿಲ್ಲುವುದೇ ಇಲ್ಲ! ಅಂಕಿ ಸೊನ್ನೆಯಲ್ಲೇ ಇದೆ. ಅತ್ತೆ ನಗುಮುಖ ಹಿಡಿದು ಕಾದಿದ್ದಾರೆ. ನನಗೆ ಬೆವರು. ಯಂತ್ರ ಕೆಟ್ಟಿತೆಂದು ಗಾಬರಿಯಾಗಿ, ಅಂಗಳದ ಬಿಸಿಲಿನಲ್ಲೇ ಹಿಂಬಾಗಿಲು ತೆರೆದುಬಿಟ್ಟೆ.

ಫಿಲ್ಮು ಬಿಸಿಲು ಕುಡಿದು ಮುಗಿಸಿತ್ತು.

ಮಾವ ಬೈಯಲಿಲ್ಲ. ಕೈಯಲ್ಲೇ ತಡವಿ ಏನಾಗಿದೆಯೆಂದು ತಿಳಿದುಕೊಂಡು ನಕ್ಕರು. “ನಾನೂ ಒಂದು ಮುಹೂರ್ತದ ದಿನ ಹೀಗೇ ಮಾಡಿದ್ದೆ ಕಣೋ. ನಾಲ್ಕು ದಿನ ಆ ಕಂಪನಿ ಕಡೆ ತಲೆ ಹಾಕಲಿಲ್ಲ. ನೆನಪಿಟ್ಕೋ, ಕ್ಯಾಮೆರಾ ಬಾಗಿಲು ತೆಗೆಯೋ ಮುಂಚೆ ಕೋಣೆ ಬಾಗಿಲು ಹಾಕ್ಕೋಬೇಕು.”

ಅತ್ತೆ ಸೀರೆ ಬದಲಾಯಿಸಲು ಒಳಗೆ ಹೋದರು. “ಐವತ್ತು ವರ್ಷ ಕಾದಿದೀನಂತೆ, ಇನ್ನೊಂದು ವಾರ ಹೆಚ್ಚೇ?” ಎಂದರು.

ಹೆಚ್ಚೇ ಆಯಿತು. ಹೊಸ ರೋಲು ತರಿಸುವಷ್ಟರಲ್ಲಿ ಮಾವನ ಎಡಗಣ್ಣಿನ ಒತ್ತಡ ದಿಢೀರನೆ ಏರಿತು. ಆಸ್ಪತ್ರೆ, ಆಪರೇಷನ್, ಓಡಾಟ. ಮನೆಗೆ ಬಂದಾಗ ಎಡಗಣ್ಣು ಬೆಳಕು ಕತ್ತಲೆ ಎರಡನ್ನೇ ಗುರುತಿಸುತ್ತಿತ್ತು. ಬಲಗಣ್ಣಿನಲ್ಲಿ ನಡುವಿನ ನೋಟ ಮಾತ್ರ ಉಳಿದಿತ್ತು. ಯುಗಾದಿಯ ದಿನ ಅವರ ಕೈಗೆ ಆ ರೋಲು ಕೊಟ್ಟಿದ್ದರೆ, ಎರಡೂ ಕಣ್ಣು ಇದ್ದಾಗಲೇ ಚಿತ್ರ ಆಗಿರುತ್ತಿತ್ತು. ಡಿಜಿಟಲ್‌ನಲ್ಲಿ ಕೆಟ್ಟ ಫ್ರೇಮನ್ನು ಅಳಿಸಬಹುದು. ಇದನ್ನು ಎಲ್ಲಿ ಅಳಿಸಲಿ?

ಹನ್ನೆರಡನೇ ಫ್ರೇಮು

ಒಂದು ತಿಂಗಳ ನಂತರ ಮತ್ತೆ ಅದೇ ಸೀರೆ, ಅದೇ ಜಗಲಿ. ಈ ಸಲ ಫಿಲ್ಮನ್ನು ಮಾವನ ಕೈಗಿತ್ತೆ. ಅವರು ಕಣ್ಣು ಮುಚ್ಚಿಯೇ ಹಾಕಿದರು. ಉರುಳೆಯ ನಡುವೆ ಕಾಗದ ತೂರಿಸುವಾಗ ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟರು. “ಇಲ್ಲಿ… ಗೊತ್ತಾಯ್ತಾ?” ಹಿಡಿಕೆ ತಿರುಗಿತು. ‘1’ರಲ್ಲಿ ಗಟ್ಟಿಯಾಗಿ ನಿಂತಿತು. ಆ ನಿಲುಗಡೆಯ ಸುಖವನ್ನು ನಾನು ಬರೆದು ತಿಳಿಸಲಾರೆ!

ಫಿಲ್ಮು 125 ವೇಗದ್ದು. ಜಗಲಿಯ ತಂಪು ಬೆಳಕು. ಅಪರ್ಚರ್ 4, ಷಟರ್ ಐವತ್ತನೇ ಒಂದು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ. ಒಂದೊಂದು ಚಿತ್ರಕ್ಕೂ ಭೂತಗನ್ನಡಿ ಎತ್ತಿ ಅತ್ತೆಯ ಕಣ್ಣಿನ ಮೇಲೆ ಫೋಕಸ್ ಮಾಡಿ, ತಲೆ ಎತ್ತಿ ಅವರನ್ನೇ ನೋಡಿ, ಆಮೇಲೆ ಒತ್ತಿದೆ. ಹನ್ನೊಂದು ಚಿತ್ರಕ್ಕೆ ಒಂದೂಕಾಲು ಗಂಟೆ. ನನ್ನ ಜನ್ಮದಲ್ಲೇ ಅಷ್ಟು ನಿಧಾನವಾಗಿ ಕೆಲಸ ಮಾಡಿದವನಲ್ಲ.

ಹನ್ನೆರಡನೆಯದಕ್ಕೆ ಹಿಡಿಕೆ ತಿರುಗಿಸಿ, ಕುರ್ಚಿಯಲ್ಲಿದ್ದ ಮಾವನ ಕೈ ಹಿಡಿದು ಕರೆತಂದೆ. “ನಂಗೆ ಈಗ ಆಗಲ್ಲ ಕಣೋ” ಎಂದರು. ಆದರೂ ತಲೆ ತಗ್ಗಿಸಿ, ಬಲಗಣ್ಣನ್ನು ಭೂತಗನ್ನಡಿಗೆ ಹಚ್ಚಿದರು. ಎಷ್ಟೋ ಹೊತ್ತು ಹಾಗೇ ನಿಂತರು. ಎಡಗೈ ಫೋಕಸ್ ಗುಂಡಿಯನ್ನು ಆಚೆ ಈಚೆ ಆಡಿಸುತ್ತಿತ್ತು. “ಏನ್ರೀ, ಕಾಣ್ತಿದೆಯಾ?” ಎಂದರು ಅತ್ತೆ.

ಪ್ರಪಂಚವೆಲ್ಲ ಅಂಚು ಕಳೆದುಕೊಂಡಿದ್ದರೂ ಆರು ಸೆಂಟಿಮೀಟರಿನ ಆ ಗಾಜು ಮಾವನ ಉಳಿದ ನೋಟದೊಳಗೆ ಪೂರ್ತಿಯಾಗಿ ಹಿಡಿಸಿತ್ತು.

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ನನ್ನ ಕಡೆ ತಿರುಗಿ ಏನೋ ಹೇಳಹೊರಟಿದ್ದರು. ಅಷ್ಟರಲ್ಲಿ ಇಡೀ ಬೀದಿಗೆ ಕೇಳುವಂತೆ ಮಾವ ಕೂಗಿದರು: “ಸ್ಟಿಲ್ ಪ್ಲೀಸ್!”

ಅತ್ತೆ ಬೆಚ್ಚಿ ನಿಂತರು. ಆಮೇಲೆ ಬಾಯ್ತುಂಬ ನಕ್ಕರು. ಟಿಕ್.

ಕತ್ತಲಲ್ಲಿ ಕಣ್ಣುಳ್ಳವರು

ಅಂದೇ ರಾತ್ರಿ ಬಚ್ಚಲಿನಲ್ಲಿ ಫಿಲ್ಮು ತೊಳೆದೆವು. ಕಿಟಕಿಗೆ ಕಂಬಳಿ, ಬಾಗಿಲಿನ ಸಂದಿಗೆ ಟವಲು. ಫಿಲ್ಮನ್ನು ಕಾಗದದಿಂದ ಬಿಡಿಸಿ ಸುರುಳಿಗೆ ಸೇರಿಸುವ ಕೆಲಸ ಗಾಢ ಕತ್ತಲಲ್ಲೇ ಆಗಬೇಕು. ನನ್ನ ಬೆರಳು ತಡಬಡಿಸಿತು. ಮಾವ ಇಸಿದುಕೊಂಡರು, ಅರ್ಧ ನಿಮಿಷದಲ್ಲಿ ಡಬ್ಬಿಯ ಮುಚ್ಚಳ ಮುಚ್ಚಿದ ಸದ್ದು. ಆ ಕತ್ತಲಲ್ಲಿ ಕುರುಡ ನಾನು, ಕಣ್ಣುಳ್ಳವರು ಅವರು!

ಡೆವಲಪರ್ ಡಿ-76, ಸಮ ನೀರು ಬೆರೆಸಿದ್ದು. ಶಾಖ 20 ಡಿಗ್ರಿ ಇರಬೇಕು. ಬೇಸಿಗೆಯ ಬೆಂಗಳೂರು ಎಲ್ಲಿ ಕೇಳುತ್ತದೆ? ಫ್ರಿಜ್ಜಿನ ಐಸು ತಂದು ಬಕೀಟಿನಲ್ಲಿಟ್ಟು ತಣಿಸಿದೆವು. ಹನ್ನೊಂದು ನಿಮಿಷ. ಆಮೇಲೆ ಸ್ಟಾಪ್ ಬಾತ್, ಹೈಪೋ, ಕೊಳಾಯಿ ನೀರು. ಅತ್ತೆಯ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಒಣಹಾಕಿದಾಗ ಹನ್ನೆರಡೂ ಚೌಕ ಬಂದಿದ್ದವು.

ಮಾರನೇ ದಿನ ಮೂರು ಮೂರರಂತೆ ನಾಲ್ಕು ತುಂಡು ಮಾಡಿ, ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಕಾಂಟ್ಯಾಕ್ಟ್ ಪ್ರಿಂಟ್ ಹಾಕಿದೆವು. ಮಾವ ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಚೌಕವನ್ನು ಬಲಗಣ್ಣಿನ ಮುಂದೆ ಸರಿಸುತ್ತ ಹೋದರು. ನನ್ನ ಹನ್ನೊಂದರಲ್ಲಿ ಮೂರು ಚೆನ್ನಾಗಿವೆ ಎಂದರು. ಆ ಮೂರಕ್ಕೆ ಸಿಕ್ಕ ಸಂತೋಷ ನನ್ನ ದಿನದ ಎರಡು ಸಾವಿರಕ್ಕೆ ಎಂದೂ ಸಿಕ್ಕಿಲ್ಲ.

ಹನ್ನೆರಡನೆಯದರ ಮುಂದೆ ಸುಮ್ಮನಾದರು. ಚಿತ್ರ ಎಡಕ್ಕೆ ಚೂರು ವಾಲಿದೆ. ಅತ್ತೆಯ ಒಂದು ಕೈ ಅಲುಗಿದೆ. ಆದರೆ ಫೋಕಸ್ ನೆಟ್ಟಗೆ ಅತ್ತೆಯ ಕಣ್ಣಿನ ಮೇಲೆ, ರೆಪ್ಪೆ ಎಣಿಸಬಹುದು. ನಗು ಪೂರ್ತಿ ಅರಳಿದೆ.

ಅತ್ತೆ ಹಾಳೆ ಇಸಿದುಕೊಂಡು, ಕನ್ನಡಕ ಏರಿಸಿ ನೋಡಿದರು. “ವಾಲಿಸಿಬಿಟ್ಟಿದೀರಲ್ರೀ” ಎಂದರು. ಆಮೇಲೆ, “ಮೂಗುತಿ ಚೆನ್ನಾಗಿ ಬಂದಿದೆ. ಇದನ್ನೇ ದೊಡ್ಡದು ಮಾಡಿಸು” ಎಂದು ನನಗೆ ಹೇಳಿ ಒಳಗೆ ಹೋದರು.

ಈಗ ಆ ಚಿತ್ರ ಜಗಲಿಯ ಗೋಡೆಯ ಮೇಲಿದೆ. ಕ್ಯಾಮೆರಾ ನನ್ನ ಮನೆಯ ಡಬ್ಬಿಯಲ್ಲಿದೆ. ಸೆಟ್ಟಿಗೆ ಹೋಗುವುದು ಈಗಲೂ ಡಿಜಿಟಲ್ ಹಿಡಿದೇ, ಹೊಟ್ಟೆಪಾಡು ನೋಡಿ! ಆದರೆ ಮೊನ್ನೆ ರಾತ್ರಿ ಲೆಕ್ಕ ಹಾಕಿದರೆ ದಿನಕ್ಕೆ ಎರಡು ಸಾವಿರವಿದ್ದದ್ದು ಮುನ್ನೂರಕ್ಕೆ ಇಳಿದಿತ್ತು. ಮಾವನಿಗೆ ಹೇಳಿದೆ.

“ಇನ್ನೂ ಇನ್ನೂರ ಎಂಬತ್ತೆಂಟು ಜಾಸ್ತಿ ಆಯ್ತು” ಎಂದರು!